ಉದ್ಘಾಟನೆಯ ಮೊದಲ ಗುಂಡು

ಗುಂಡು ಹಾರಿದರೆ ಅಕ್ಕಪಕ್ಕದ ಹಕ್ಕಿಗಳು ಎದ್ದು ಹೋಗುತ್ತವೆ, ಅಷ್ಟೆ. ಹಾರದೆ ಬರೀ ‘ಟಿಕ್’ ಎಂದರೆ ಮಾತ್ರ ಫೈರಿಂಗ್ ರೇಂಜಿನಲ್ಲಿರುವ ಮನುಷ್ಯರೆಲ್ಲ ಕತ್ತು ತಿರುಗಿಸುತ್ತಾರೆ. ಕೊಳ್ಳೇಗಾಲದ ಹೊರಗಿನ ಹಳೆಯ ಕರಿಕಲ್ಲು ಕ್ವಾರಿಯಲ್ಲಿ ಆ ಬೆಳಿಗ್ಗೆ ಹಾಗೆ ತಿರುಗಿದ ಕತ್ತುಗಳಲ್ಲಿ ನನ್ನದೂ ಒಂದು.

ಗುರಿಯ ಮುಂದೆ ನಿಂತಿದ್ದವರು ಹನೂರು ಕಡೆಯ ಕಾಡಂಚಿನ ಠಾಣೆಯೊಂದರ ಮಹಿಳಾ ಸಬ್ ಇನ್‌ಸ್ಪೆಕ್ಟರ್. ಯಳಂದೂರು ತಾಲ್ಲೂಕಿನ ರೈತರ ಮನೆಯ ಹೆಣ್ಣುಮಗಳು. ಹಿಂದಿನ ವಾರ್ಷಿಕ ಫೈರಿಂಗ್‌ನಲ್ಲಿ ಫೇಲಾಗಿ, ಆ ದಿನ ಮರುಪರೀಕ್ಷೆಗೆ ಬಂದಿದ್ದರು. ಕೈಯಲ್ಲಿ ನೈನ್ ಎಂಎಂ ಪಿಸ್ತೂಲು. ಮೊದಲ ಗುಂಡು ಹಾರಿತು. ಎರಡನೆಯದು ಟಿಕ್. ನಿಯಮದ ಪ್ರಕಾರ, ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು. ತಡವಾಗಿ ಹೊತ್ತಿಕೊಳ್ಳುವ ತೋಟಾಗಳುಂಟು, ಮದುವೆಯೂಟ ಮುಗಿದು ಎಲೆ ಎತ್ತಿದ ಮೇಲೆ ಸಿಟ್ಟು ಮಾಡಿಕೊಳ್ಳುವ ನೆಂಟರ ಹಾಗೆ. ಆಕೆ ನಿಯಮ ಪಾಲಿಸಿ ಕಾದರು. ಗಡಿಯಾರ ನಿಯಮ ಪಾಲಿಸಲಿಲ್ಲ, ಓಡಿತು. ಮೂರನೆಯದು ‘ಡಬ್’ ಎಂದು ಸೋತ ದನಿಯಲ್ಲಿ ಹಾರಿ, ತೋಟಾದ ಖಾಲಿ ಕೊಳವೆ ಹೊರಬೀಳದೆ ಪಿಸ್ತೂಲಿನ ಬಾಯಲ್ಲೇ ಸಿಕ್ಕಿಕೊಂಡಿತು. ನಾನು ಓಡಿ ಹೋಗಿ ಪಿಸ್ತೂಲು ಬಿಚ್ಚಿ, ಗುಂಡು ನಳಿಗೆಯಲ್ಲೇ ಉಳಿದಿಲ್ಲವೆಂದು ಕಡ್ಡಿ ತೂರಿಸಿ ನೋಡಿ ಕೊಡುವಷ್ಟರಲ್ಲಿ ಸೀಟಿ ಊದಿಯಾಗಿತ್ತು. ಗುರಿಯ ಹಲಗೆ ಹೆಚ್ಚುಕಡಿಮೆ ಕನ್ಯೆಯಾಗಿಯೇ ಉಳಿದಿತ್ತು.

ಜಿಲ್ಲೆಯ ದೊಡ್ಡ ಸಾಹೇಬರು ಶಾಮಿಯಾನದ ನೆರಳಿನಿಂದ ಎದ್ದು ಬಂದರು. ಕೆಟ್ಟವರಲ್ಲ. ಆದರೆ ಕಾಲೇಜಿನ ದಿನಗಳಿಂದ ಗುರಿಕಾರರಾದ್ದರಿಂದ, ಗುಂಡು ತಪ್ಪಿದರೆ ತಪ್ಪು ಕೈಯದೇ ಎಂಬುದು ಅವರ ಸಿದ್ಧಾಂತ.

“ಮಣಿಕಟ್ಟು ಗಟ್ಟಿ ಇರಬೇಕಮ್ಮಾ. ಪಿಸ್ತೂಲು ಹಿಡಿಯೋದು ಅಂದ್ರೆ ಹೂವಿನ ಬುಟ್ಟಿ ಹಿಡಿದ ಹಾಗಲ್ಲ,” ಎಂದರು. ಆಮೇಲೆ ತೀರ್ಪು ಬಂತು: “ಮುಂದಿನ ತಿಂಗಳು ಈ ವರ್ಷದ ಫೈರಿಂಗ್ ಇದೆ. ಅದೇ ಕೊನೇ ಅವಕಾಶ. ಅಲ್ಲೂ ಹೀಗೇ ಆದ್ರೆ ಪಿಸ್ತೂಲು ವಾಪಸ್ ಕೊಟ್ಟು ಜಿಲ್ಲಾ ಕಚೇರಿಗೆ ಬನ್ನಿ. ಟಪಾಲು ವಿಭಾಗದಲ್ಲಿ ಕುರ್ಚಿ ಖಾಲಿ ಇದೆ.”

ಆಕೆ “ಎಸ್ ಸರ್” ಎಂದು ಸೆಲ್ಯೂಟ್ ಹೊಡೆದರು. ಆ ಸೆಲ್ಯೂಟಿನಲ್ಲಿ ಮಣಿಕಟ್ಟು ಸಾಕಷ್ಟು ಗಟ್ಟಿಯಾಗಿಯೇ ಇತ್ತು.

ಸಾಹೇಬರು ನನ್ನ ಕಡೆ ತಿರುಗಿದರು. ಜಿಲ್ಲಾ ಸಶಸ್ತ್ರ ಪಡೆಯ ಆಯುಧಾಗಾರ ನನ್ನ ಉಸ್ತುವಾರಿ. ಬಂದೂಕುಗಳ ಕೆಮ್ಮು ನೆಗಡಿ ನೋಡುವ ನಾಟಿ ವೈದ್ಯ ಎಂದುಕೊಳ್ಳಿ. “ನೀವೊಂದು ಅಭಿಪ್ರಾಯ ಬರೆದುಕೊಡಿ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ತಾಲ್ಲೂಕಿನ ಠಾಣಾಧಿಕಾರಿಗಳಿಗೆ ಯಾವ ಕೈಬಂದೂಕು ಸರಿ, ಯಾವ ತೋಟಾ ಸರಿ ಅಂತ. ಹೆಣ್ಣುಮಕ್ಕಳಿಗೆ ಆ ಸಣ್ಣ ಥರ್ಟಿಟೂ ಆದೀತಾ ನೋಡಿ. ಮುಂದಿನ ತಿಂಗಳ ಫೈರಿಂಗ್ ಮುಗಿಯೋದ್ರೊಳಗೆ ನನ್ನ ಮೇಜಿನ ಮೇಲಿರಲಿ.”

ಹೀಗೆ ಒಂದೇ ಟಿಕ್ ಇಬ್ಬರ ತಲೆಯ ಮೇಲೆ ಬಿತ್ತು.

ಅಭಿಪ್ರಾಯ ಎಂಬುದು ನನ್ನ ಬಳಿ ಮೊದಲೇ ಸಿದ್ಧವಿತ್ತೆಂದು ಒಪ್ಪಿಕೊಳ್ಳುತ್ತೇನೆ. ನಾನು ರಿವಾಲ್ವರ್ ಪಕ್ಷದವನು. ಥರ್ಟಿಎಯ್ಟ್ ರಿವಾಲ್ವರ್ ಎಂದರೆ ಹಳೇ ಮೈಸೂರಿನ ದಿವಾನರ ಹಾಗೆ: ನಿಧಾನ, ಭಾರ, ನಂಬಿಕಸ್ಥ. ಒಂದು ತೋಟಾ ಹಾರದಿದ್ದರೆ ಇನ್ನೊಮ್ಮೆ ಬೆರಳು ಒತ್ತಿದರಾಯಿತು, ಚಕ್ರ ತಿರುಗಿ ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲು ಹಾಗಲ್ಲ. ಅದರ ಮೇಲಿನ ಸ್ಲೈಡ್, ಅಂದರೆ ಜಾರುವ ಕವಚ, ಪ್ರತಿ ಗುಂಡಿಗೂ ಹಿಂದೆ ಹೋಗಿ ಖಾಲಿ ಕೊಳವೆಯನ್ನು ಉಗುಳಿ, ಮುಂದೆ ಬಂದು ಹೊಸ ತೋಟಾ ನುಂಗಬೇಕು. ಹಿಡಿದ ಕೈ ಸಡಿಲವಾದರೆ ಕವಚಕ್ಕೆ ಊರುಗಾಲು ಸಿಗದೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಸಾಹೇಬರ ‘ಮಣಿಕಟ್ಟು’ ಸಿದ್ಧಾಂತಕ್ಕೆ ಆಧಾರ ಇಲ್ಲದಿರಲಿಲ್ಲ.

ಆದರೂ ತೀರ್ಪಿಗೆ ಮೊದಲು ವಿಚಾರಣೆ ನಡೆಯಬೇಕಲ್ಲ. ಧನಗೆರೆಯ ರೈತರೊಬ್ಬರು ಗೊನೆ ಕಡಿದು ಉಳಿದ ಬಾಳೆದಿಂಡುಗಳನ್ನು ಕೇಳಿದ್ದಕ್ಕೆ ಟ್ರ್ಯಾಕ್ಟರಿನಲ್ಲಿ ತಂದು ಸುರಿದರು. ಕ್ವಾರಿಯ ಕಲ್ಲಿಗೆ ಗುಂಡು ಬಡಿದು ಚಿಮ್ಮಬಾರದೆಂದು ಕಟ್ಟಿದ್ದ ಮಣ್ಣಿನ ದಿಬ್ಬದ ಮುಂದೆ ಅವನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿದೆವು. ಬಾಳೆದಿಂಡು ಮನುಷ್ಯನಲ್ಲ ಎಂದು ನನಗೆ ಗೊತ್ತು. ಆದರೆ ಎಲ್ಲ ತೋಟಾಗಳಿಗೂ ಒಂದೇ ದಿಂಡು ಎಂಬಷ್ಟು ನ್ಯಾಯ ಅಲ್ಲಿತ್ತು.

ಆ ಸಬ್ ಇನ್‌ಸ್ಪೆಕ್ಟರೂ ಬಂದಿದ್ದರು, ಜೊತೆಗೆ ಅವರ ಠಾಣೆಯ ದಫೇದಾರರು. ಅಜ್ಜೀಪುರದವರು, ಹೊಟ್ಟೆ ಮುಂದೆ, ಭಕ್ತಿ ಅದಕ್ಕಿಂತ ಮುಂದೆ. ಹಣೆಯ ವಿಭೂತಿ ಟೋಪಿಯ ಅಂಚಿನವರೆಗೆ. ಮೇಡಂ ಈ ಠಾಣೆಗೆ ಬಂದ ವರ್ಷವೇ ಅವರೂ ಕೊಳ್ಳೇಗಾಲದ ಟ್ರಾಫಿಕ್‌ನಿಂದ ಬಂದವರು. ಮೇಡಂ ಅವರನ್ನು ಸ್ವಂತ ಮಗಳಿಗಿಂತ ಹೆಚ್ಚು ನೋಡಿಕೊಳ್ಳುತ್ತಿದ್ದರು.

ಮೊದಲು ಥರ್ಟಿಟೂ. ಪರವಾನಗಿ ಇರುವ ಸಾಹುಕಾರರು ಆತ್ಮರಕ್ಷಣೆಗೆ ಇಟ್ಟುಕೊಳ್ಳುವ ಗಾತ್ರ ಅದು. ಗುಂಡು ತೆಳ್ಳಗೆ, ಒದೆತ ಕಡಿಮೆ. ಅದು ಮೊದಲ ದಿಂಡುಗಳಲ್ಲೇ ಸಂಸಾರ ಹೂಡಿತು. ಆಮೇಲೆ ನನ್ನ ರಿವಾಲ್ವರಿನ ಥರ್ಟಿಎಯ್ಟ್. ಅದು ಇನ್ನೂ ಒಂದೆರಡು ದಿಂಡು ಮುಂದಕ್ಕೆ ನಡೆದು ಗೌರವದಿಂದ ನಿವೃತ್ತಿಯಾಯಿತು. ನೈನ್ ಎಂಎಂ ಸಾಮಾನ್ಯ ಗುಂಡು, ತಾಮ್ರದ ಕವಚದ್ದು, ಅಷ್ಟೂ ದಿಂಡು ತೂರಿ ದಿಬ್ಬ ಸೇರಿತು. ಕೊನೆಗೆ ನೈನ್ ಎಂಎಂನದೇ ಇನ್ನೊಂದು ಜಾತಿ, ತುದಿ ಟೊಳ್ಳಾದದ್ದು. ತರಬೇತಿ ಶಾಲೆಯಿಂದ ಬೇಡಿ ತಂದಿದ್ದೆ. ಅದು ಒಳಗೆ ಹೋಗಿ ಹೂವಿನಂತೆ ಅರಳಿ, ಕೊನೆಯ ದಿಂಡಿನಲ್ಲೇ ನಿಂತಿತು. ಗುಣ ದೊಡ್ಡದು. ಆದರೆ ನಮ್ಮ ಹಳೆಯ ಪಿಸ್ತೂಲುಗಳಿಗೆ ಆ ಅಗಲ ಬಾಯಿ ಒಗ್ಗಲಿಲ್ಲ. ಒಳಗೆ ಏರುವಾಗ ಎರಡು ಸಲ ಸಿಕ್ಕಿ ನಿಂತಿತು.

ದಫೇದಾರರು ದಿಂಡುಗಳ ಸುತ್ತ ಪ್ರದಕ್ಷಿಣೆ ಹಾಕಿ ಬಂದರು. “ಸಾ, ತನಿಖೆ ಮುಗೀತಾ?”

“ಮುಗೀತು. ಯಾಕ್ರಿ?”

“ಅಲ್ಲ, ಒಳಗ್ಲ ದಿಂಡು ವಸಿ ಎಳೇದೇ ಅದ. ಗುಂಡು ತಕಂಡು ಬುಟ್ರ ಪಲ್ಯಕ್ಕ ಆಯ್ತದ.”

“ಸೀಸ ತಿಂದು ಸತ್ರೆ ಮಹಜರು ಯಾರ್ರೀ ಮಾಡೋದು?” ಎಂದೆ.

“ನಾನೇ ಮಾಡ್ತೀನಿ ಕಣ್ ಸಾ,” ಎಂದರು, ತಮ್ಮದೇ ಮಹಜರು ಎಂಬುದನ್ನು ಮರೆತು.

ಮೇಡಂ ನಗಲಿಲ್ಲ. ಥರ್ಟಿಟೂ ಗುಂಡು ಹೊಕ್ಕಿದ್ದ ದಿಂಡಿನ ಮುಂದೆ ನಿಂತು, “ಸರ್, ನನಗೆ ಇದನ್ನೇ ಬರೀತೀರಾ?” ಎಂದು ಕೇಳಿದರು.

“ಸಾಹೇಬರು ನೋಡಿ ಅಂದಿದಾರೆ. ಕೈಗೆ ಹಗುರ.”

“ನನ್ನ ಕೈಗೆ ಹಗುರ ಅಂತ ಕಳ್ಳನೂ ಹಗುರವಾಗಿ ಬರ್ತಾನಾ ಸರ್? ಅವನು ಮಚ್ಚು ತಗೊಂಡು ಬಂದಾಗ, ‘ಇರಪ್ಪಾ, ನಮ್ಮದು ಲೇಡೀಸ್ ಪಿಸ್ತೂಲು’ ಅನ್ನಲಾ?” ಎಂದರು. ದಿಂಡಿನ ತೂತಿನ ಮೇಲೆ ಬೆರಳಿಟ್ಟು ಮತ್ತೆ ಹೇಳಿದರು: “ನಮ್ಮ ಅಪ್ಪಾಜಿ ನಾನು ಪೊಲೀಸಾಗ್ತೀನಿ ಅಂದಾಗ ಒಂದೇ ಮಾತು ಹೇಳಿದ್ರು. ಹೋದ್ರೆ ಠಾಣೆಗೆ ಹೋಗು, ಟಪಾಲು ವಿಂಗಡಿಸೋಕೆ ನಮ್ಮೂರ ಅಂಚೆ ಕಚೇರೀನೇ ಇದೆ ಅಂತ.”

ಆ ಕುರ್ಚಿಯ ಭಾರ ನನಗೆ ಆಗ ಸರಿಯಾಗಿ ತಿಳಿಯಿತು.

ಸರಿ, ಮೊದಲು ಪಿಸ್ತೂಲಿನ ಜ್ವರ ನೋಡೋಣವೆಂದು ಅವರ ಪಿಸ್ತೂಲನ್ನು ಆಯುಧಾಗಾರಕ್ಕೆ ತರಿಸಿಕೊಂಡೆ. ಹಾರದ ತೋಟಾಗಳ ತಳದ ಕ್ಯಾಪ್ ನೋಡಿದೆ. ತೋಟಾದ ಕೆಳಗಿನ ಆ ಪುಟ್ಟ ಬಿಲ್ಲೆಗೆ ಪಿಸ್ತೂಲಿನ ಮೊಳೆ ಹೊಡೆದಾಗಲೇ ಕಿಡಿ ಹುಟ್ಟುವುದು. ಸುತ್ತ ಸಣ್ಣ ಕೆಂಪು ಗೆರೆಯಿತ್ತು, ಕಾರ್ಖಾನೆಯವರ ಬಣ್ಣವೆಂದುಕೊಂಡೆ. ಏಟು ಬಿದ್ದಿತ್ತು. ಸ್ವಲ್ಪ ಮೇಲೆ ಮೇಲೆ ಬಿದ್ದಿದೆಯೇನೋ ಅನ್ನಿಸಿತು. ಅನ್ನಿಸಬೇಕೆಂದು ನೋಡಿದರೆ ಏನು ಬೇಕಾದರೂ ಅನ್ನಿಸುತ್ತದೆ. ಸ್ಪ್ರಿಂಗು ಬದಲಿಸಿದೆ, ಮೊಳೆ ಬದಲಿಸಿದೆ, ಉಜ್ಜಿದೆ, ಎಣ್ಣೆ ಒರೆಸಿದೆ. ಆಯುಧಾಗಾರದ ಪೆಟ್ಟಿಗೆಯಿಂದ ತೋಟಾ ತೆಗೆದು ಹಾರಿಸಿದೆ. ಢಂ ಢಂ ಢಂ. ಒಂದೂ ನಿಲ್ಲಲಿಲ್ಲ. ನಾನು ಮೀಸೆ ತಿರುವಿ, ರೋಗ ಗುಣವಾಯಿತೆಂದು ಪಿಸ್ತೂಲನ್ನು ವಾಪಸ್ ಕಳಿಸಿದೆ.

ಇನ್ನು ಕೈ. ಖಾಲಿ ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು ಟ್ರಿಗರ್ ಒತ್ತಿಸುವುದು ಹಳೆಯ ಅಭ್ಯಾಸ. ಕೈ ನಡುಗಿದರೆ ನಾಣ್ಯ ಬೀಳುತ್ತದೆ. ಮೇಡಂ ಒತ್ತಿದರು. ಬೀಳಲಿಲ್ಲ. ಮತ್ತೆ ಒತ್ತಿದರು, ನಾಣ್ಯ ಬ್ಯಾಂಕಿನಲ್ಲಿಟ್ಟ ಹಾಗಿತ್ತು. ನಾನೂ ಒಮ್ಮೆ ಒತ್ತಿ ತೋರಿಸಲು ಹೋದೆ. ಆ ಭಾಗವನ್ನು ಬಿಡೋಣ.

ಒಂದು ವಾರ ಬಿಟ್ಟು ರೇಂಜಿಗೆ ಕರೆಸಿದೆ. ಠಾಣೆಯ ತೋಟಾಗಳನ್ನೇ ತಂದಿದ್ದರು; ನಮ್ಮಲ್ಲಿ ಕ್ರಮ ಹಾಗೆಯೇ. ಠಾಣೆಯಲ್ಲಿರುವುದನ್ನು ಫೈರಿಂಗಿಗೆ ಖರ್ಚು ಮಾಡಿ, ಅಷ್ಟನ್ನೇ ಹೊಸದಾಗಿ ಪಡೆದು ಹೋಗಬೇಕು, ಹಳೇ ರಾಗಿ ತೀರಿಸಿ ಹೊಸ ಮೂಟೆ ಬಿಚ್ಚುವ ಹಾಗೆ. ಮೊದಲ ಗುಂಡೇ ಟಿಕ್. ನನ್ನ ಹೊಸ ಸ್ಪ್ರಿಂಗಿನ ಮೇಲೆ ಮಣ್ಣು ಬಿತ್ತು.

ಆಗ ನನ್ನ ದಿವಾನರನ್ನು ಕಣಕ್ಕಿಳಿಸಿದೆ. ಅವರ ಠಾಣೆಯಲ್ಲಿ ಹಿಂದಿನವರ ಕಾಲದ ಥರ್ಟಿಎಯ್ಟ್ ರಿವಾಲ್ವರೂ ಅದರ ತೋಟಾಗಳೂ ಇದ್ದವು. ಅದನ್ನೂ ತರಿಸಿದ್ದೆ. “ನೋಡವ್ವಾ, ಇದು ಮೋಸ ಮಾಡೋ ಪೈಕಿ ಅಲ್ಲ,” ಎಂದು ಗಂಭೀರವಾಗಿ ಕೈಗಿತ್ತೆ. ಆಕೆ ಒತ್ತಿದರು.

ಟಿಕ್. ಚಕ್ರ ತಿರುಗಿತು. ಟಿಕ್.

ನನ್ನ ಜೀವಮಾನದ ನಂಬಿಕೆ ನನ್ನ ಕಣ್ಣೆದುರೇ ಎರಡು ಸಲ ಸುಳ್ಳಾಯಿತು. ದಫೇದಾರರು ಕಣ್ಣು ಮುಚ್ಚಿ “ಮಾದಪ್ಪಾ” ಎಂದರು.

ಮೇಡಂ ಮಾತ್ರ ರಿವಾಲ್ವರನ್ನು ಗುರಿಯ ಕಡೆಗೇ ಹಿಡಿದು, ಕಾಯಬೇಕಾದಷ್ಟು ಕಾದು, ಚಕ್ರ ತೆರೆದು ತೋಟಾಗಳನ್ನು ಮೇಜಿನ ಮೇಲೆ ಸುರಿದರು. ಆಮೇಲೆ ನಿಧಾನವಾಗಿ ಕೇಳಿದರು: “ಸರ್, ರಿವಾಲ್ವರಿಗೆ ಜಾರೋ ಸ್ಲೈಡ್ ಇಲ್ಲ ಅಲ್ವಾ?”

“ಇಲ್ಲ.”

“ಅಂದ್ರೆ ಮಣಿಕಟ್ಟು ಗಟ್ಟಿ ಇದ್ರೂ ಒಂದೇ, ಸಡಿಲ ಇದ್ರೂ ಒಂದೇ.”

“ಒಂದೇ.”

“ಹಾಗಾದ್ರೆ ಇದು ನನ್ನ ಕೈ ಅಲ್ಲ.”

ಇದನ್ನು ನಾನು ಹೇಳಬೇಕಿತ್ತು. ರಿವಾಲ್ವರಿನ ಶೋಕದಲ್ಲಿದ್ದವನಿಗೆ ಹೊಳೆದಿರಲಿಲ್ಲ.

ಕೈಯಲ್ಲ, ಎರಡು ಬೇರೆ ಬೇರೆ ಆಯುಧಗಳಾದ್ದರಿಂದ ಆಯುಧವೂ ಅಲ್ಲ, ಉಳಿದದ್ದು ತೋಟಾ. ಆದರೆ ಅದೇ ಕಾರ್ಖಾನೆಯ, ಅದೇ ಬ್ಯಾಚಿನ ತೋಟಾಗಳು ಕೊಳ್ಳೇಗಾಲದಲ್ಲೂ ಯಳಂದೂರಿನಲ್ಲೂ ಚೆನ್ನಾಗಿ ಹಾರುತ್ತಿದ್ದವು. ಹನೂರಿನ ಗಾಳಿಗೆ ಮಾತ್ರ ಹೆದರುವ ತೋಟಾ ಎಲ್ಲಾದರೂ ಉಂಟೇ?

ಉತ್ತರ ಬಂದದ್ದು ಮುಳ್ಳೂರಿನಿಂದ. ಚುನಾವಣೆ ಘೋಷಣೆಯಾಗಿತ್ತು, ಪರವಾನಗಿಯ ಆಯುಧಗಳನ್ನೆಲ್ಲ ಜಮಾ ಮಾಡುವ ಕಾಲ. ಅಲ್ಲಿನ ಜಮೀನುದಾರರೊಬ್ಬರು, ಶಿವಭಕ್ತರು, ತಮ್ಮ ಥರ್ಟಿಟೂ ರಿವಾಲ್ವರನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ ಮಾಡಿಕೊಂಡು ಆಯುಧಾಗಾರಕ್ಕೆ ತಂದರು.

“ಸಾ, ವಸಿ ಜ್ವಾಪಾನ. ನಮ್ ತಾತ್ನ ಕಾಲದ್ದು. ಇದ್ಕ ದೊಡ್ ಗುಂಡು ಯಾವ್ದಾರ ಬತ್ತದಾ? ಆನ ಬತ್ತಾವ ಕಬ್ಬಿಗ.”

“ಗೌಡ್ರೆ, ಆನೆಗೆ ಕೈಬಂದೂಕು ತೋರಿಸೋದೂ ಕಚೇರಿಗೆ ಮನವಿ ಕೊಡೋದೂ ಒಂದೇ. ನೋಡುತ್ತೆ, ಮುಂದಕ್ಕೆ ಹೋಗುತ್ತೆ. ಕೊನೇ ಸಲ ಯಾವಾಗ ಹಾರಿಸಿದ್ರಿ?”

“ಆರ್ಸದಾ? ಓದ್ ಸಲ ಆರ್ಸುಕ್ಕ ಓದೆ. ಆರ್ನಿಲ್ಲ. ದೇವ್ರ ಇಚ್ಛೆ ಅಂತ ಸುಮ್ಗಾದೆ.”

ತೋಟಾಗಳ ಡಬ್ಬಿ ತೆರೆದೆ. ಪ್ರತಿ ತೋಟಾದ ಹೊಟ್ಟೆಗೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಒಳ್ಳೆಣ್ಣೆಯಲ್ಲಿ ಅದ್ದಿ ತೆಗೆದ ಹೊಳಪು. ತಳ ತಿರುಗಿಸಿದರೆ ಕ್ಯಾಪಿನ ಸುತ್ತಲಿನ ಗೆರೆಯಲ್ಲಿ ಕೆಂಪು ಎಣ್ಣೆ ಇಳಿದು ಕೂತಿತ್ತು, ಉಗುರಿನ ಸಂದಿಯ ಗೋರಂಟಿಯ ಹಾಗೆ.

“ಇದೇನು ಗೌಡ್ರೆ?”

“ಆಯುಧಪೂಜ ಸಾ! ವರ್ಸ ವರ್ಸ ಮಾಡ್ತೀವಿ. ಬರೀ ಬಂದೂಕ್ಕ ಮಾಡಿ ಗುಂಡ್ಗ ಮಾಡ್ದಿದ್ರ, ಗಂಡನ್ಗ ಉಣ್ಣಾಕಿ ಎಡ್ತೀನ ಉಪಾಸ ಕೆಡವ್ದಂಗ ಅಲ್ವಾ?”

ನಾನು ನಕ್ಕೆ. ನಕ್ಕು ಡಬ್ಬಿ ಮುಚ್ಚುವಾಗ ಕೈ ನಿಂತಿತು. ಟೋಪಿಯ ಅಂಚಿನವರೆಗೆ ವಿಭೂತಿ ಬಳಿದ ಒಂದು ಹಣೆ ಕಣ್ಣ ಮುಂದೆ ಬಂತು.

ಮಾರನೆಯ ಬೆಳಿಗ್ಗೆಯೇ ಜೀಪು ಹತ್ತಿ ಹನೂರಿನ ಆಚೆಗೆ ಹೊರಟೆ. ಠಾಣೆಯಲ್ಲಿ ದಫೇದಾರರು ಸ್ನಾನ ಮಾಡಿ, ಪಿಸ್ತೂಲಿನ ತೋಟಾಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಗೋಪುರದ ಹಾಗೆ ಪೇರಿಸುತ್ತಿದ್ದರು. ಪಕ್ಕದಲ್ಲಿ ನಿಂಬೆಹಣ್ಣು, ಎಣ್ಣೆಯ ಬಟ್ಟಲು, ಚೆಂಡುಹೂವು.

“ಏನ್ರಿ ಇದು ದಫೇದಾರ್ರೆ? ಆಯುಧಪೂಜೆ ಮುಗಿದು ಎಷ್ಟು ಕಾಲ ಆಯ್ತು?”

“ಇದು ಇಸೇಸ ಪೂಜ ಸಾ. ಮೇಡಮ್ಮೋರ್ಗ ಕೊನೇ ಚಾನ್ಸು. ಮೊದ್ಲು ಪೇಲಾದಾಗ್ಲೂ ಒಂದಪ ಮಾಡುದ್ದೆ. ಸಾಲ್ನಿಲ್ಲ ಅಂತ ಈಸಲ ವಸಿ ಜೋರಾಗೇ ಮಾಡವಾ ಅಂತ.”

“ಮೊದ್ಲ ಸಲ ಫೇಲಾದ ಮೇಲೆ ಕೊಟ್ಟ ಹೊಸಾ ತೋಟಾಗಳಿಗೂ ಮಾಡಿದ್ರಾ?”

“ಅವುಕ್ಕೇ ಮಾಡುದ್ದು! ಬುಡ್ತೀನಾ?”

“ರೈಫಲ್ ತೋಟಾಗಳಿಗೆ?”

“ಅವು ಪೆಟ್ಗಲೇ ಅವ. ಅವುಕ್ಕೆಲ್ಲ ಒಂದು ಊದ್ಗಡ್ಡಿ ಸಾಕು. ಇದು ಸಾಯೇಬ್ರ ಆಯುಧ, ಇದ್ಕ ಸಾಂಗವಾಗೇ ಆಗ್ಬೇಕು.”

ಗೌರವ ಹೆಚ್ಚಾದವರಿಗೇ ತೊಂದರೆ ಹೆಚ್ಚು ಎಂಬ ಲೋಕನೀತಿ ನೆನಪಾಯಿತು. “ಪೂಜೆ ಆದ್ಮೇಲೆ ಇಷ್ಟು ಅಂಟು ಹೆಂಗೆ ತೆಗೀತೀರಿ?”

ದಫೇದಾರರು ಜಾಣತನದ ನಗೆ ನಕ್ಕರು. “ಮೊದ್ಲೆಲ್ಲ ಸೀಮೆಣ್ಣ ಸಾ. ಈಗ ರೇಸನ್‌ಲಿ ಸೀಮೆಣ್ಣ ಎಲ್ಲದ? ಜೀಪಿನ ಡೀಸಲ್‌ಲಿ ಒಂದ್ ರಾತ್ರ ನೆನ್ಸಿ ಮಡಗ್ತೀನಿ. ಬೆಳಗ್ಗೆ ಒರ್ಸುದ್ರ ಚಿನ್ನ ಕಣ್ ಸಾ, ಚಿನ್ನ.”

ನಾನು ಬೆಂಚಿನ ಮೇಲೆ ಕುಳಿತೆ. ತೋಟಾದ ಕ್ಯಾಪಿನ ಸಂದಿ ಕೂದಲಿಗಿಂತ ಸಣ್ಣದು. ನೀರು ಸುಲಭವಾಗಿ ಇಳಿಯುವುದಿಲ್ಲ. ಆದರೆ ಡೀಸೆಲ್ ತೆಳು ಎಣ್ಣೆ, ದಾರಿಯಿಲ್ಲದಲ್ಲೂ ದಾರಿ ಮಾಡಿಕೊಳ್ಳುವ ಜಾತಿ. ಅದು ಒಳಗಿಳಿದರೆ ಕ್ಯಾಪಿನ ಕಿಡಿ ಸಾಯುತ್ತದೆ, ಆಗ ಟಿಕ್. ಕಿಡಿ ಉಳಿದು ಮದ್ದು ಮಾತ್ರ ನೆನೆದಿದ್ದರೆ ಡಬ್. ಆ ಸೋತ ಗುಂಡಿಗೆ ಜಾರುವ ಕವಚವನ್ನು ಪೂರ್ತಿ ಹಿಂದೆ ದೂಡುವ ಶಕ್ತಿ ಇರುವುದಿಲ್ಲ, ಕೊಳವೆ ಸಿಕ್ಕಿಕೊಳ್ಳುತ್ತದೆ. ನೋಡುವವರಿಗೆ ಥೇಟ್ ಸಡಿಲ ಮಣಿಕಟ್ಟು. ರೋಗ ಒಂದು, ಲಕ್ಷಣ ಇನ್ನೊಂದರದು.

ಇದನ್ನು ವಿವರಿಸಿದಾಗ ದಫೇದಾರರ ಮುಖ ನೋಡಲಾಗಲಿಲ್ಲ. ನಿಂಬೆಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. “ಅಂದ್ರ ಮೇಡಮ್ಮೋರ್ನ ಪೇಲ್ ಮಾಡ್ಸುದ್ದು ನಾನಾ ಸಾ?”

ಒಳಗಿನ ಕೋಣೆಯಿಂದ ಮೇಡಂ ಬಂದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬೈಯುತ್ತಾರೇನೋ ಎಂದು ನಾನು ಕಾದೆ. “ದಫೇದಾರ್ರೆ, ಅದು ಇರಲಿ,” ಎಂದರು. “ಆ ಡೀಸೆಲ್ ಜೀಪಿಂದ ತೆಗೀತಿದ್ರಾ? ಬೀಟಿಗೆ ಹೋದಾಗ ಅರ್ಧ ದಾರೀಲಿ ನಿಂತು ಸಾಯ್ತಿತ್ತಲ್ಲ, ಅದೂ ನೀವೇನಾ?”

ದಫೇದಾರರು ನಿಂಬೆಹಣ್ಣನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರು.

ಊಹೆ ಸಾಲದು, ಪುರಾವೆ ಬೇಕು ಎಂದವರು ಮೇಡಂ. “ಸರ್, ನನ್ನ ತೋಟಾ ನಿಮ್ಮ ಪಿಸ್ತೂಲಿಗೆ, ನಿಮ್ಮ ತೋಟಾ ನನ್ನ ಪಿಸ್ತೂಲಿಗೆ.” ಅದಲುಬದಲಿನ ಸಂಬಂಧ! ಮಗಳನ್ನು ಕೊಟ್ಟ ಮನೆಯಿಂದಲೇ ಸೊಸೆಯನ್ನು ತರುವ ಮದುವೆಯಲ್ಲಿ, ಜಗಳ ಯಾವ ಮನೆಯದೆಂದು ಬೇಗ ಗೊತ್ತಾಗುತ್ತದೆ. ಅದೇ ಮಧ್ಯಾಹ್ನ ರೇಂಜಿನಲ್ಲಿ ಲಗ್ನ ನಡೆಯಿತು. ನನ್ನ ಪಿಸ್ತೂಲಿನಲ್ಲಿ, ನನ್ನ ಕೈಯಲ್ಲಿ ಅವರ ತೋಟಾ: ಟಿಕ್, ಡಬ್, ಟಿಕ್. ಅವರ ಪಿಸ್ತೂಲಿನಲ್ಲಿ, ಅವರ ಕೈಯಲ್ಲಿ ನನ್ನ ತೋಟಾ: ಮ್ಯಾಗಜೀನು ಖಾಲಿಯಾಗುವವರೆಗೂ ಒಂದೇ ಉಸಿರಿನಲ್ಲಿ ಢಂ. ಗುರಿಯ ಎದೆಯಲ್ಲಿ ಅಂಗೈ ಮುಚ್ಚುವಷ್ಟು ಜಾಗದಲ್ಲಿ ಅಷ್ಟೂ ತೂತು.

ಇನ್ನೇನು, ತೋಟಾ ಬದಲಿಸಿದರಾಯಿತು ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡೆ. ತೋಟಾ ಕೆಟ್ಟಿದೆ, ಬದಲಿ ಕೊಡಬೇಕು ಎಂದು ಜಿಲ್ಲಾ ಕಚೇರಿಗೆ ಬರೆದೆ. ಕೆಟ್ಟ ತೋಟಾ ಎಂದು ಸಾರಲು ಮಂಡಳಿ ಕೂಡಬೇಕು, ಮಂಡಳಿ ಕೂಡಲು ಆದೇಶ ಬೇಕು, ಅಲ್ಲಿಯವರೆಗೆ ಕ್ರಮದಂತೆ ಠಾಣೆಯ ತೋಟಾವನ್ನೇ ಬಳಸತಕ್ಕದ್ದು ಎಂದು ಉತ್ತರ ಬಂತು. ಸಾಹೇಬರನ್ನೇ ಕಾಣಲು ಹೋದೆ. ಚುನಾವಣಾ ಬಂದೋಬಸ್ತಿನ ನಡುವೆ ಒಂದು ಕಿವಿ ಕೊಟ್ಟರು. “ಕುಂಕುಮ ಹಚ್ಚಿದ್ರೆ ಗುಂಡು ಹಾರಲ್ವೇನ್ರೀ? ಒಳ್ಳೇ ಕಥೆ. ನೀವು ಆ ಹುಡುಗಿ ಪರ ಮೆತ್ತಗಾಗಿದೀರಿ,” ಎಂದು ನಕ್ಕು, ಇನ್ನೊಂದು ಕಿವಿಗೆ ಫೋನ್ ಇಟ್ಟುಕೊಂಡರು.

ಫೈರಿಂಗ್ ದಿನ ಬಂತು. ನಮ್ಮಲ್ಲಿ ವಾರ್ಷಿಕ ಫೈರಿಂಗ್ ಎಂದರೆ ದೊಡ್ಡ ಸಾಹೇಬರು ಮೊದಲ ಗುಂಡು ಹಾರಿಸಿ ಉದ್ಘಾಟನೆ ಮಾಡುವುದು ಪದ್ಧತಿ. ದೀಪ ಹಚ್ಚುವ ಬದಲು ಮದ್ದು ಹಚ್ಚುವುದು, ಅಷ್ಟೇ ವ್ಯತ್ಯಾಸ. ಆ ಪಿಸ್ತೂಲಿಗೆ ತೋಟಾ ತುಂಬಿ ಕೊಡುವ ಪೌರೋಹಿತ್ಯ ನನ್ನದು. ಯಾವಾಗಲೂ ಹೊಸ ಪೆಟ್ಟಿಗೆಯಿಂದ ಹೊಚ್ಚಹೊಸ ತೋಟಾ ತುಂಬುವುದು ವಾಡಿಕೆ. ಉದ್ಘಾಟನೆಯಲ್ಲಿ ಕತ್ತರಿ ಮೊಂಡಾಗಬಾರದಲ್ಲ.

ಬೆಳಿಗ್ಗೆ ಮೇಜಿನ ಮೇಲೆ ಎರಡು ಡಬ್ಬಿಗಳಿದ್ದವು. ಒಂದು ಹೊಸ ಪೆಟ್ಟಿಗೆಯದು. ಇನ್ನೊಂದು ಮೇಡಂ ತಂದು ಇಟ್ಟದ್ದು, ಅವರ ಠಾಣೆಯದು. ನಾನು ಮ್ಯಾಗಜೀನು ಹಿಡಿದು ಸ್ವಲ್ಪ ಹೊತ್ತು ನಿಂತೆ. ನಿವೃತ್ತಿಗೆ ಹತ್ತಿರವಾದವನು, ಮೂರು ತಾಲ್ಲೂಕಿನ ಅಧಿಕಾರಿಗಳು ಸಾಲಾಗಿ ಕುಳಿತಿದ್ದಾರೆ. ಸಾಹೇಬರಿಗೆ ಸಿಟ್ಟು ಬಂದರೆ ಆ ಟಪಾಲಿನ ಕುರ್ಚಿಯ ಪಕ್ಕದಲ್ಲಿ ನನಗೊಂದು ಸ್ಟೂಲು ಹಾಕಿಸಬಹುದು. ಆದರೆ ಕ್ರಮ ಎಂದರೆ ಕ್ರಮ. ಠಾಣೆಯ ತೋಟಾ ಬಳಸತಕ್ಕದ್ದು ಎಂದು ಕಚೇರಿಯೇ ಬರೆದಿದೆಯಲ್ಲ. ಮೇಡಂ ಅವರ ಡಬ್ಬಿಯಿಂದ ಮೂರು ತೋಟಾ ತೆಗೆದು ಸಾಹೇಬರ ಮ್ಯಾಗಜೀನಿಗೆ ಒತ್ತಿದೆ.

ಚಪ್ಪಾಳೆಯ ನಡುವೆ ಸಾಹೇಬರು ಕನ್ನಡಕ ಹಾಕಿ, ಕಿವಿಗೆ ಮುಚ್ಚಳ ಹಾಕಿ, ಶಾಸ್ತ್ರೋಕ್ತವಾಗಿ ಕಾಲು ಅಗಲಿಸಿ ನಿಂತರು. ಒತ್ತಿದರು.

ಟಿಕ್.

ಕ್ವಾರಿಯಲ್ಲಿ ಒಂದು ಹಕ್ಕಿಯೂ ಏಳಲಿಲ್ಲ. ಸಾಹೇಬರು ನಿಯಮ ಪಾಲಿಸಿ ಕಾದರು. ನಾನು ಪಕ್ಕದಲ್ಲಿ ನಿಂತು, ಆ ತೋಟಾ ತೆಗೆಸಿ, ಮುಂದಿನದು ಏರಿಸಿದೆ. ಟಿಕ್. ಮೂರನೆಯದು ಡಬ್ ಎಂದಿತು. ಗುಂಡು ಹೋಗಿ ದಿಬ್ಬದ ಕಾಲಬುಡದ ಧೂಳು ಕೆದರಿತು. ಖಾಲಿ ಕೊಳವೆ ಪಿಸ್ತೂಲಿನ ಬಾಯಲ್ಲಿ ಸಿಗರೇಟಿನ ಹಾಗೆ ನಿಂತಿತು.

ಸಾಹೇಬರು ಕಿವಿಯ ಮುಚ್ಚಳ ತೆಗೆದರು. “ಏನ್ರೀ ಇದು?”

ನಾನು ಅಟೆನ್ಷನ್‌ನಲ್ಲಿ ನಿಂತು, ಸಾಧ್ಯವಾದಷ್ಟು ವಿನಯದಿಂದ ಹೇಳಿದೆ: “ಸರ್, ಮಣಿಕಟ್ಟು ಗಟ್ಟಿ ಇರಬೇಕು.”

ಸಾಹೇಬರು ನನ್ನನ್ನು ನೋಡಿದರು, ಮೇಜಿನ ಮೇಲಿದ್ದ ಡಬ್ಬಿಯನ್ನು ನೋಡಿದರು, ಅದರ ಮೇಲಿದ್ದ ಠಾಣೆಯ ಹೆಸರನ್ನು ಓದಿದರು. ಹಾರದ ತೋಟಾ ಎತ್ತಿ ತಳ ತಿರುಗಿಸಿ, ಸಂದಿಯ ಕೆಂಪನ್ನು ನೋಡಿ, ಮೂಗಿಗೆ ಹಿಡಿದರು.

“ಡೀಸೆಲ್ಲು,” ಎಂದರು.

“ಹೌದು ಸರ್.”

ಮೊದಲು ಅವರ ಭುಜ ಅಲುಗಿತು. ಆಮೇಲೆ ಇಡೀ ಸಾಹೇಬರೇ ಅಲುಗಿದರು. ಅಷ್ಟು ಜೋರಾಗಿ ನಕ್ಕದ್ದನ್ನು ನಮ್ಮ ಜಿಲ್ಲೆ ನೋಡಿರಲಿಲ್ಲ. ಕಣ್ಣು ಒರೆಸಿಕೊಂಡು, “ಮಂಡಳಿ ಕೂಡಿಯಾಯ್ತು. ಇಡೀ ಡಬ್ಬಿ ರದ್ದು. ಆ ಹುಡುಗಿಗೆ ಹೊಸಾ ಪೆಟ್ಟಿಗೆ ಬಿಚ್ಚಿ,” ಎಂದರು. ಮೇಡಂ ಕಡೆ ತಿರುಗಿ, ದನಿ ತಗ್ಗಿಸಿ, “ಹೂವಿನ ಬುಟ್ಟಿ ಅಂದಿದ್ದೆ, ಅದು ತಪ್ಪಾಯ್ತಮ್ಮಾ,” ಎಂದರು. ದೊಡ್ಡವರು ದೊಡ್ಡವರಾಗುವುದು ಹೀಗೆ.

ಮೇಡಂ ಸಾಲಿಗೆ ನಿಂತರು. ಸೀಟಿ ಬಿತ್ತು. ನಾನು ಎಣಿಸಲಿಲ್ಲ, ಕೇಳಿಸಿಕೊಂಡೆ ಅಷ್ಟೆ: ಒಂದೇ ಲಯ, ಒಂದೇ ದನಿ, ಒರಳಲ್ಲಿ ಪಳಗಿದ ಕೈ ಭತ್ತ ಕುಟ್ಟಿದ ಹಾಗೆ. ಹಕ್ಕಿಗಳೆಲ್ಲ ಎದ್ದು ಹೋದವು. ಮ್ಯಾಗಜೀನು ಬದಲಾಯಿತು, ಮತ್ತೆ ಅದೇ ಲಯ. ಮುಗಿಯುವ ಸೀಟಿ ಬೀಳುವ ಮೊದಲೇ ಪಿಸ್ತೂಲು ಖಾಲಿಯಾಗಿತ್ತು. ಗುರಿ ಹಲಗೆ ತಂದವರು ಅದನ್ನು ಎತ್ತಿಹಿಡಿದರು. ಮೂರು ತಾಲ್ಲೂಕಿನ ಗಂಡಸರ ಹಲಗೆಗಳಲ್ಲಿ ಅದರ ಪಕ್ಕದಲ್ಲಿ ನಿಲ್ಲುವುದು ಒಂದೂ ಇರಲಿಲ್ಲ. ಸಾಹೇಬರು ತಾವೂ ಹೊಸ ತೋಟಾ ತುಂಬಿಸಿಕೊಂಡು ಹಾರಿಸಿ, ತಮ್ಮ ಹಲಗೆಯನ್ನು ಆಕೆಯದರ ಪಕ್ಕ ಹಿಡಿದು ನೋಡಿ, “ಎರಡನೇ ಸ್ಥಾನ ನನಗೇ ಬರಲಿ,” ಎಂದರು. ಟಪಾಲಿನ ಕುರ್ಚಿ ಇವತ್ತಿಗೂ ಖಾಲಿ ಇದೆ ಎಂದು ಕೇಳಿದ್ದೇನೆ.

ನನ್ನ ಅಭಿಪ್ರಾಯವನ್ನು ಅಂದು ಮಧ್ಯಾಹ್ನ ಶಾಮಿಯಾನದ ಕೆಳಗೇ ಬರೆದೆ. ಮೂರೂ ತಾಲ್ಲೂಕಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ನೈನ್ ಎಂಎಂ. ಥರ್ಟಿಟೂ ಸಾಹುಕಾರರ ಮನೆಯಲ್ಲಿ ಸುಖವಾಗಿರಲಿ. ಕಾಡಂಚಿನ ಠಾಣೆಗಳಿಗೆ ಸಾಮಾನ್ಯ ಗುಂಡೇ ಸಾಕು. ಸಂತೆ, ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ಅದು ಒಬ್ಬನನ್ನು ತೂರಿ ಇನ್ನೊಬ್ಬನ ವಿಚಾರಿಸಿಕೊಳ್ಳುವ ಸ್ವಭಾವದ್ದಾದ್ದರಿಂದ, ಕೊಳ್ಳೇಗಾಲ ಪಟ್ಟಣಕ್ಕೆ ಹೊಸ ಪಿಸ್ತೂಲುಗಳ ಜೊತೆ ತುದಿ ಟೊಳ್ಳಾದ ಗುಂಡು ಕೇಳಬಹುದು. ಅದು ಬರುವವರೆಗೆ, ಟ್ರಿಗರ್ ಒತ್ತುವ ಮೊದಲು ಗುರಿಯ ಹಿಂದೆ ಯಾರಿದ್ದಾರೆಂದು ನೋಡುವ ಕಣ್ಣೇ ಅತ್ಯುತ್ತಮ ತೋಟಾ. ರಿವಾಲ್ವರಿನ ಬಗ್ಗೆ ಒಂದು ಸಾಲು ಬರೆದು ಹೊಡೆದು ಹಾಕಿದೆ. ದಿವಾನಗಿರಿ ಮುಗಿದ ಕಾಲ.

ಬರೆದು ತಲೆಯೆತ್ತಿದರೆ ದಫೇದಾರರು ಬೆಳಿಗ್ಗೆಯಿಂದ ನಿಂತ ಮರದಡಿಯಲ್ಲೇ ನಿಂತಿದ್ದರು. ಹಣೆ ಬೋಳಾಗಿತ್ತು, ಅಂದು ವಿಭೂತಿಯನ್ನೂ ಹಚ್ಚಿರಲಿಲ್ಲ. ಮೇಡಂ ನೆಲದ ಮೇಲೆ ಬಗ್ಗಿ ತಮ್ಮ ಪಿಸ್ತೂಲು ಉಗುಳಿದ ಕೊಳವೆಗಳಲ್ಲಿ ಒಂದನ್ನು ಹೆಕ್ಕಿ, ಲೆಕ್ಕಕ್ಕೆ ಬರೆಸಿ, ನನ್ನ ಒಪ್ಪಿಗೆ ಕೇಳಿ, ಅವರ ಹತ್ತಿರ ಹೋದರು.

“ದಫೇದಾರ್ರೆ, ತಗೊಳ್ಳಿ. ಇದು ಹಾರಿಯಾಗಿದೆ. ಮುಂದಿನ ಆಯುಧಪೂಜೆಗೆ ಇದಕ್ಕೆ ಎಷ್ಟು ಬೇಕಾದ್ರೂ ಕುಂಕುಮ ಇಡಿ, ಎಣ್ಣೇಲಿ ಮುಳುಗಿಸಿ, ನಿಂಬೆಹಣ್ಣು ಕಟ್ಟಿ. ಯಾರೂ ಕೇಳಲ್ಲ.”

ದಫೇದಾರರು ಅದನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡರು. ಬಿಸಿಲಿಗೆ ಇನ್ನೂ ಬೆಚ್ಚಗಿತ್ತೋ ಏನೋ, ಕಣ್ಣಿಗೊತ್ತಿಕೊಂಡರು.

“ಡೀಸಲ್ಲು ಮೇಡಮ್ಮೋರೆ?”

“ಡೀಸೆಲ್ ಜೀಪಿಗೆ,” ಎಂದರು ಮೇಡಂ. “ಹತ್ತಿ. ಠಾಣೆಗೆ ಹೋಗೋಣ.”